ಹಿಂದಿನ ಸೀಟು

"ಇನ್ನೊಂದ್ಸಲ ತಿರುಗ್ಸು," ಎಂದ ಪಿಯೆರಾ.

"ತಿರುಗ್ಸೋಕೆ ಏನೂ ಉಳಿದಿಲ್ಲ ಅಪ್ಪ. ಇದೇ ಕೊನೆ."

ರಾವ್ದ್ನಾ ಹಿಮದ ಮೇಲೆ ಮಗ್ಗುಲಾಗಿ ಮಲಗಿ, ಸ್ನೋಮೊಬೈಲಿನ ಹಿಂಭಾಗದ ಸ್ಪ್ರಿಂಗಿಗೆ ಸ್ಪ್ಯಾನರ್ ಹಾಕಿದ್ದಳು. ಸ್ಪ್ರಿಂಗನ್ನು ಬಿಗಿ ಮಾಡುವ ಬಿಲ್ಲೆಯ ಹಲ್ಲುಗಳೆಲ್ಲ ಮುಗಿದಿದ್ದವು. ಎದ್ದು ಮೈಗೆ ಮೆತ್ತಿದ ಹಿಮ ಕೊಡವಿ ಗಾಡಿ ಹತ್ತಿದಳು. ಪಿಯೆರಾ ತನ್ನ ಕೆಟ್ಟ ಸೊಂಟವನ್ನು ಹಿಡಿದುಕೊಂಡು ಅವಳ ಬೆನ್ನ ಹಿಂದೆ ಕೂತ. ದೈತ್ಯ ದೇಹ. ಬಿಗಿ ಮಾಡಿದ ಸ್ಪ್ರಿಂಗೂ ಕುಸಿದು ಗಾಡಿಯ ಹಿಂಭಾಗ ತಗ್ಗಿತು.

"ಐಲು, ಆ ಸ್ಕೀನ ಕಾಲಲ್ಲಿ ದೂಡು," ಎಂದಳು.

ಚಿಕ್ಕಪ್ಪನ ಮಗ ಐಲು ಬೂಟಿನ ತುದಿಯಿಂದ ದೂಡಿದ. ಗಾಡಿಯ ಮುಂಭಾಗವನ್ನು ಹೊತ್ತು ತಿರುಗಿಸುವ ಆ ಜಾರುಹಲಗೆ ಗಟ್ಟಿ ಹಿಮದ ಮೇಲೆ ಸಲೀಸಾಗಿ ಪಕ್ಕಕ್ಕೆ ಜಾರಿತು.

"ನೋಡಿದ್ಯಾ ಅಪ್ಪ? ಭಾರ ಎಲ್ಲ ಹಿಂದೆ. ಸ್ಕೀ ಅಡಿ ಕಬ್ಬಿಣದ ಪಟ್ಟಿ ನೆಲಾನೇ ಕಚ್ತಿಲ್ಲ. ಕಚ್ಚದೆ ಹ್ಯಾಂಡಲ್ ಎಷ್ಟು ತಿರುಗ್ಸಿದ್ರೆ ಏನು ಬಂತು?"

ಹೋದ ವಸಂತದಲ್ಲಿ ಅಪ್ಪ ಹಿಂದೆ ಕೂತಾಗ ಆದದ್ದೂ ಅದೇ. ಹೊಳೆಯ ಮೇಲಿನ ಇಳಿಜಾರಿನಲ್ಲಿ ಅವಳು ಹ್ಯಾಂಡಲ್ ಎಡಕ್ಕೆ ಎಳೆದಳು, ಗಾಡಿ ನೆಟ್ಟಗೆ ಹೋಯಿತು. ಇಡೀ ಹಿಂಡು ಯಾವುದರ ಕೊರಳ ಗಂಟೆ ಕೇಳಿ ಹಿಂಬಾಲಿಸುತ್ತದೋ ಆ ಹಿಮಸಾರಂಗವನ್ನು, ಗಂಟೆಯ ಸಾರಂಗವನ್ನು, ಗಾಡಿಯ ಹಿಂದೆ ಕಟ್ಟಿತ್ತು; ಅದು ಬೆದರಿ ಹಗ್ಗ ಹರಿದುಕೊಂಡಿತು, ಹಿಂಡು ಎರಡಾಯಿತು, ಅರ್ಧ ಹಿಂಡು ಬಂದ ದಾರಿಯಲ್ಲೇ ವಾಪಸು ಓಡಿತು. ಹೆಂಗಸಿನ ತೋಳಿಗೆ ಬಲ ಸಾಲದು ಎಂದರು ಎಲ್ಲರೂ. ಈ ಸಲವೂ ತಪ್ಪಿದರೆ ಗಂಟೆಯ ಸಾರಂಗ ಐಲುವಿನ ಗಾಡಿಗೆ, ಮುಂದಾಳುತನವೂ ಅವನಿಗೆ ಎಂದು ಮನೆತನಗಳೆಲ್ಲ ಕೂತು ತೀರ್ಮಾನಿಸಿದ್ದವು.

"ನಾನು ಹಿಂದೆ ಇದ್ರೆ ನಿನ್ನ ಯಾರೂ ಏನೂ ಅನ್ನಲ್ಲ ಮಗಳೆ."

"ನೀನು ಹಿಂದೆ ಇದ್ದಾಗ್ಲೇ ಅಲ್ವಾ ಅಂದಿದ್ದು? ಇಳಿ."

ಪಿಯೆರಾನ ಮುಖ ಕೆಂಪೇರಿತು. "ಇಳಿದು? ಐಲು ಗಾಡಿ ಎಳೆಯೋ ಜಾರುಬಂಡೀಲಿ ಕೂರ್ಬೇಕಾ? ಹಿಂಡಿನ ಬಾಲದಲ್ಲಿ, ಕಾಫಿ ಕೆಟಲ್ ಜೊತೆ, ನಾಯಿ ಜೊತೆ?"

"ಕೆಟಲ್ ಕಾಯೋಕೂ ಯಾರಾದ್ರೂ ಬೇಕಲ್ಲ."

ಐಲು ನಗು ತಡೆಯಲಾರದೆ ಕೆಮ್ಮಿದ. "ನನ್ನ ಬಂಡೀಲಿ ದೊಡ್ಡಪ್ಪಂಗೆ ಜಾಗ ಇದೆ ಅಕ್ಕ. ಗಂಟೆ ಸಾರಂಗಕ್ಕೂ ಜಾಗ ಮಾಡಿಟ್ಟಿದೀನಿ."

"ಅದನ್ನ ಹೊಳೆ ದಾಟಿದ ಮೇಲೆ ಮಾತಾಡೋಣ."

ಅವಳು ಅಪ್ಪನ ಮುಖ ನೋಡಿದಳು. ಪ್ರತಿ ವಸಂತದಲ್ಲೂ ಈ ಹಿಂಡನ್ನು ಸಮುದ್ರ ತೀರದ ಹುಲ್ಲುಗಾವಲಿನವರೆಗೆ ಮುನ್ನಡೆಸುತ್ತಲೇ ಮುದುಕನಾದ ಮನುಷ್ಯ. ಆದರೂ ಅವಳು ಸೋಲಲಿಲ್ಲ. ಅವನು ಇಳಿಯುವವರೆಗೂ ಎಂಜಿನ್ನನ್ನು ಮುಟ್ಟದೆ ಕೂತಳು. ಅವನು ಇಳಿದ. ಕುಂಟುತ್ತ ಹಿಂಡಿನ ಬಾಲದ ಕಡೆ ಹೊರಟುಹೋದ. ರಾವ್ದ್ನಾ ಮತ್ತೆ ಮಲಗಿ, ಸ್ಪ್ರಿಂಗನ್ನು ತನ್ನೊಬ್ಬಳ ತೂಕಕ್ಕೆ ಹೊಂದುವಷ್ಟು ಸಡಿಲಿಸಿದಳು.

ಇಳಿಜಾರಿಗೆ ಬಂದಾಗ ಹಿಮದ ಮೇಲ್ಪದರ ಗಾಜಾಗಿತ್ತು. ಕೆಳಗೆ ಹೊಳೆಯ ಮಂಜುಗಡ್ಡೆ ಅಲ್ಲಲ್ಲಿ ಒಡೆದು ನೀರು ಕಪ್ಪಗೆ ಕಾಣುತ್ತಿತ್ತು. ತಿರುವಿಗೆ ಮೊದಲೇ ವೇಗ ಇಳಿಸಿದಳು; ಭಾರ ಮುಂದಕ್ಕೆ ವಾಲಿತು. ಮೈಯನ್ನು ಗುಡ್ಡದ ಕಡೆಗೆ ಬಾಗಿಸಿ ಹ್ಯಾಂಡಲ್ ಎಳೆದಳು. ಒಂದು ಕ್ಷಣ ಗಾಡಿ ನೆಟ್ಟಗೇ ಜಾರಿತು. ಆಮೇಲೆ ಕರಕರ ಎಂದು ಕಬ್ಬಿಣ ಹಿಮವನ್ನು ಕಚ್ಚಿತು, ಆ ನಡುಕ ಸರಳುಗಳಲ್ಲಿ ಹರಿದು ಅವಳ ಅಂಗೈಗೆ ಬಂತು. ಗಾಡಿ ತಿರುಗಿತು. ಬೆನ್ನ ಹಿಂದೆ ಗಂಟೆ ನಿಲ್ಲದೆ ಬಡಿದುಕೊಳ್ಳುತ್ತಿತ್ತು, ಅದರ ಹಿಂದೆ ಸಾವಿರಾರು ಗೊರಸುಗಳ ಸದ್ದು. ಅವಳು ತಿರುಗಿ ನೋಡಲಿಲ್ಲ.

ಒಡೆಯದ ಮಂಜುಗಡ್ಡೆಯ ಮೇಲೆ ಹೊಳೆ ದಾಟಿ ಆಚೆ ದಡದಲ್ಲಿ ಹಿಂಡು ನಿಂತಿತು. ಐಲು ಅವಳ ಕಡೆ ಬರಲಿಲ್ಲ. ಕಾಫಿ ಕಾಯಿಸಲು ಕಟ್ಟಿಗೆ ಒಡೆಯತೊಡಗಿದ. ಪಿಯೆರಾ ಬಾಲದಿಂದ ಕುಂಟುತ್ತ ಬಂದ. ಗಡ್ಡದ ತುಂಬ ನಾಯಿಯ ಕೂದಲು. ಮಗಳ ಮುಖ ನೋಡದೆ ಸ್ಕೀಯ ಪಕ್ಕದಲ್ಲಿ ಕಷ್ಟಪಟ್ಟು ಬಾಗಿ, ಕೈಗವಸು ಕಳಚಿ, ಕಬ್ಬಿಣದ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ.

"ಇಡೀ ದಾರಿ ಆ ನಾಯಿ ನನ್ನ ಮುಖ ನೆಕ್ಕಿದೆ," ಎಂದ.

"ಕೆಟಲ್?"

"ಚೆಲ್ಲಿಲ್ಲ."

ಕಾಫಿ ಕುಡಿದು ಮುಗಿಸಿದ್ದೇ, ಯಾರೂ ಹೇಳುವ ಮೊದಲೇ ಅವನು ಖಾಲಿ ಕೆಟಲನ್ನು ಒಂದು ಕೈಯಲ್ಲಿ ತೂಗಿಸಿಕೊಂಡು, ನಾಯಿಗೆ ಸಿಳ್ಳೆ ಹೊಡೆದು, ಜಾರುಬಂಡಿಯ ಕಡೆಗೆ ನಡೆದ.