ಪೋರ್ಟ್ ೩೩೮೯

ಮುಚ್ಚಿದ್ದೇನೆ, ಖಂಡಿತ ಮುಚ್ಚಿದ್ದೇನೆ ಎಂದು ಅವಳು ಬೆಳಿಗ್ಗೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮುಚ್ಚಿರಲಿಲ್ಲ. ಹನ್ನೊಂದು ದಿನದ ಹಿಂದೆ ಡೈರಿಯಲ್ಲಿ ಅವಳ ಕೈಯೇ ಬರೆದಿತ್ತು: ‘ಡಾಕ್ಟರಿಗಾಗಿ ಪೋರ್ಟ್ ೩೩೮೯ ತೆಗೆದೆ. ನಾಳೆ ಮುಚ್ಚಬೇಕು.’

ಲ್ಯಾಬಿನ ಒಂಬತ್ತೂ ಕಂಪ್ಯೂಟರುಗಳ ಪರದೆಯ ಮೇಲೆ ಒಂದೇ ಕೆಂಪು ಬರಹ: ಹಣ ಕಟ್ಟಿದರೆ ಮಾತ್ರ ಫೈಲು ತೆರೆಯುತ್ತದೆ. ಯಾರೋ ಎಲ್ಲಿಂದಲೋ ಒಳನುಗ್ಗಿ ಆರು ವರ್ಷದ ರಿಪೋರ್ಟುಗಳಿಗೆ ಬೀಗ ಜಡಿದಿದ್ದರು. ಕೌಂಟರಿನ ಆಚೆ ಒಬ್ಬಾಕೆ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ಮತ್ತೆ ಬಂದು ನಿಂತಿದ್ದಳು.

“ನಿನ್ನೆ ರೆಡಿ ಇದೆ ಅಂದ್ರಲ್ಲಮ್ಮ. ಇವತ್ತು ರಿಪೋರ್ಟ್ ಕೊಡದಿದ್ರೆ ಆಪರೇಷನ್ ಮುಂದಕ್ಕೆ ಹಾಕ್ತಾರಂತೆ. ಇವರ ಹತ್ರ ಅಷ್ಟು ದಿನ ಇಲ್ಲಮ್ಮ.”

“ಸ್ವಲ್ಪ ಕೂತಿರಿ ಅಕ್ಕಾ,” ಎಂದು ಅವಳು ಒಳಗಿನ ಕೋಣೆಗೆ ಹೋದಳು. ಅಲ್ಲಿ ಮ್ಯಾನೇಜರು ಮೇಷ್ಟ್ರನ್ನು ನಿಲ್ಲಿಸಿಕೊಂಡಿದ್ದರು.

ಮೇಷ್ಟ್ರು ಲ್ಯಾಬಿನ ಕಂಪ್ಯೂಟರು ನೋಡಿಕೊಳ್ಳುವವರು. ಏನು ಕೇಳಿದರೂ ಪಾಠ ಶುರು ಮಾಡುತ್ತಾರೆಂದು ಬಿದ್ದ ಹೆಸರು ಅದು. ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ದಿನ ಅವಳಿಗೂ ಪಾಠವಾಗಿತ್ತು: “ಒಂದೊಂದು ಮಿಷನ್ನಿಗೂ ಅರವತ್ತೈದು ಸಾವಿರ ಬಾಗಿಲು ಕಣಮ್ಮ, ಅದನ್ನೇ ಪೋರ್ಟ್ ಅನ್ನೋದು. ಬೇಕಾದ ನಾಲ್ಕು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಅಗಳಿ. ಯಾವುದನ್ನ ತೆಗೆದ್ರೂ ಈ ರಿಜಿಸ್ಟರಲ್ಲಿ ಬರಿ. ನೀನಂತೂ ಬಾಯಿ ಬಿಡಲ್ಲ, ಕೈಯಾದ್ರೂ ಆಡಿಸು.”

ಮನೆಯಿಂದಲೇ ರಿಪೋರ್ಟು ನೋಡಲು ಒಂದು ಪೋರ್ಟ್ ತೆಗೆಯಬೇಕೆಂದು ಲ್ಯಾಬಿನ ಡಾಕ್ಟರು ಫೋನು ಮಾಡಿದ ದಿನ ಮೇಷ್ಟ್ರು ರಜೆಯಲ್ಲಿದ್ದರು. ಆಗಲ್ಲ ಎನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ರಿಜಿಸ್ಟರಿನಲ್ಲಿ ಬರೆದರೆ ಮೇಷ್ಟ್ರು ಎಲ್ಲರೆದುರು ಕೇಳುತ್ತಾರೆ, ಎಲ್ಲರೂ ತನ್ನತ್ತ ತಿರುಗುತ್ತಾರೆ ಎಂದು ಹೆದರಿ ತನ್ನ ಡೈರಿಯಲ್ಲಿ ಬರೆದಳು. ಮರುದಿನ ಡಾಕ್ಟರು “ಇನ್ನೆರಡು ದಿನ ಇರಲಿ ಬಿಡಮ್ಮ” ಎಂದರು. ಅದು ಹಾಗೇ ಇದ್ದುಬಿಟ್ಟಿತು. ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡು. ತೆಗೆದವರು ಯಾರೆಂದು ಮಿಷನ್ನಿಗೂ ತಿಳಿಯದು.

“ಅವರು ನುಗ್ಗಿರೋದು ೩೩೮೯ರಿಂದ. ರಿಜಿಸ್ಟರಲ್ಲಂತೂ ಅದಿಲ್ಲ,” ಎನ್ನುತ್ತಿದ್ದರು ಮ್ಯಾನೇಜರು. “ಹಾಗಾದ್ರೆ ಮಿಷನ್ನೇ ಎದ್ದು ಬಾಗಿಲು ತೆಗೀತಾ ಮೇಷ್ಟ್ರೇ? ಕನ್ನಡಕ ತಲೆ ಮೇಲಿಟ್ಕೊಂಡು ಅರ್ಧ ದಿನ ಹುಡುಕೋರು ನೀವು!”

ಬೇರೆ ದಿನವಾಗಿದ್ದರೆ ಮೇಷ್ಟ್ರೇ ಮೊದಲು ನಗುತ್ತಿದ್ದರು.

“ನಾನೇ ಇರಬೇಕು ಸರ್,” ಎಂದರು ಮೆಲ್ಲಗೆ. “ಈಚೆಗೆ ತುಂಬಾ ಮರೀತಿದೀನಿ. ಮೊನ್ನೆ ಮಗಳನ್ನ ಕೂಗೋಕೆ ಹೋದೆ, ಹೆಸರೇ ಬಾಯಿಗೆ ಬರಲಿಲ್ಲ.”

ಮ್ಯಾನೇಜರು ಟೈಪು ಮಾಡಿಸಿಟ್ಟಿದ್ದ ರಾಜೀನಾಮೆಯನ್ನು ಮೇಜಿನ ಮೇಲೆ ಸರಿಸಿದರು. ಮೇಷ್ಟ್ರು ಪೆನ್ನು ತೆಗೆದುಕೊಂಡರು. ತಮ್ಮ ತಪ್ಪು ಎಂದು ಅವರು ನಂಬಿಬಿಟ್ಟಿದ್ದರು. ಅವಳು ಸುಮ್ಮನಿದ್ದರೆ ಸಾಕಿತ್ತು.

ಸಹಿ ಹಾಕುವ ಮುನ್ನ ಅವರು ಅವಳ ಕಡೆ ತಿರುಗಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಸಂಶಯವೂ ಇರಲಿಲ್ಲ. ದಾರಿ ತಪ್ಪಿದವರು ಎದುರು ಸಿಕ್ಕವರನ್ನು ನೋಡುವ ಹಾಗೆ ನೋಡಿದರು.

“ನೀನು ಪಕ್ಕದಲ್ಲೇ ಕೂರ್ತೀಯಲ್ಲಮ್ಮ. ನಾನು ಅದನ್ನ ಯಾವತ್ತು ತೆಗೆದೆ, ನಿಂಗೇನಾದ್ರೂ ನೆನಪಿದೆಯಾ?”

ಹೊರಗೆ ಆ ಹೆಂಗಸು ಕೌಂಟರಿನ ಗಾಜನ್ನು ಬೆರಳಿನಿಂದ ತಟ್ಟುತ್ತಿದ್ದಳು, ಜೋರಾಗಿ ಅಲ್ಲ. ಪೆನ್ನಿನ ಮೊನೆ ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತ್ತು. ಅದು ನಿಧಾನವಾಗಿ ಅಗಲವಾಗುತ್ತಿತ್ತು.

“ನೀವು ಏನೂ ಮರೆತಿಲ್ಲ ಮೇಷ್ಟ್ರೇ,” ಎಂದಳು. “ತೆಗೆದವಳು ನಾನು.”