ಬೇರೆಯವರ ಹೆಜ್ಜೆ

ಅಟ್ಟದ ಮೇಲಿನ ಟ್ರಂಕನ್ನು ಗಂಡನ ಅಕ್ಕ ಎರಡೂ ಕೈಯಿಂದ ಎಳೆದಳು. ಅದು ಅರ್ಧ ಬಂದು ಸಿಕ್ಕಿಕೊಂಡಿತು. ಕುರ್ಚಿಯ ಮೇಲೆ ನಿಂತಿದ್ದ ಅವಳು ಇನ್ನೊಮ್ಮೆ ಜಗ್ಗಿದಾಗ ಮುಚ್ಚಳ ತೆರೆದುಕೊಂಡು ಒಳಗಿದ್ದದ್ದೆಲ್ಲ ಕೋಣೆಯ ನೆಲಕ್ಕೆ ಸುರಿಯಿತು.

ಚಪ್ಪಲಿಗಳು. ಎಲ್ಲವೂ ಹೆಂಗಸರವು. ಪಟ್ಟಿ ಸವೆದ ಕಂದು ಚಪ್ಪಲಿ, ದಾದಿಯರು ಹಾಕುವಂಥ ಬಿಳಿ ಶೂ, ಮನೆಯೊಳಗಿನ ರಬ್ಬರ್ ಚಪ್ಪಲಿ. ಕೊನೆಗೆ ಒಂದು ಜೊತೆ ಕೆಂಪು ಹೈಹೀಲ್ಸ್ ಒಂದರ ಹಿಂದೊಂದು ಉರುಳಿ ಬಾಗಿಲ ಹತ್ತಿರ ನಿಂತವು.

ಹುಡುಕುತ್ತಿದ್ದದ್ದು ತೀರಿಕೊಂಡ ತಮ್ಮನ ಗುರುತಿನ ಚೀಟಿಯನ್ನು. ಚಿತಾಗಾರದವರು ಅದಿಲ್ಲದೆ ಆಗುವುದಿಲ್ಲ ಎಂದಿದ್ದರು. ಅವನನ್ನು ಬೆಳಿಗ್ಗೆ ಆಸ್ಪತ್ರೆಯಿಂದ ತಂದು ನಡುಮನೆಯ ತಗ್ಗು ಮಂಚದ ಮೇಲೆ ಮಲಗಿಸಿದ್ದರು. ಮೂವತ್ತೇಳು ವರ್ಷ. ತಲೆಯೊಳಗೆ ಒಂದು ನರ ಒಡೆದು ಮೂರು ದಿನ. ಎರಡು ಗಂಟೆಗೆ ವ್ಯಾನ್ ಬರುವುದಿತ್ತು. ಈಗ ಹನ್ನೊಂದೂವರೆ.

"ಅವು ಅವರ ಕೆಲಸದವು, ಅಕ್ಕ" ಎಂದಳು ಅವನ ಹೆಂಡತಿ. ಯಾರಿಗೋ ವಿಳಾಸ ಓದಿ ಹೇಳಿದ ಹಾಗಿತ್ತು ಅವಳ ದನಿ. ಮೂರು ದಿನದಿಂದ ಹಾಗೇ ಇತ್ತು.

ಸದ್ದು ಕೇಳಿ ಅತ್ತೆಯೂ ಬಂದಿದ್ದರು. ಬಾಗಿಲಲ್ಲಿ ನಿಂತು ಕೆಂಪು ಹೈಹೀಲ್ಸನ್ನು ಸ್ವಲ್ಪ ಹೊತ್ತು ನೋಡಿದರು.

"ಇವನೂನಾ" ಎಂದರು.

ಅಷ್ಟೇ. ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು.

ಆ 'ಊ' ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಅತ್ತೆ ತಮ್ಮ ಗಂಡನನ್ನು ಹುಡುಕಿಕೊಂಡು ಮೂರು ಬೀದಿ ದಾಟಿ ಒಂದು ಮನೆಗೆ ಹೋಗಿದ್ದರು. ಬಾಗಿಲ ಹೊರಗೆ ಗಂಡನ ಶೂಗಳ ಪಕ್ಕದಲ್ಲಿ ಒಂದು ಜೊತೆ ಹೆಂಗಸಿನ ಚಪ್ಪಲಿ ಇತ್ತು. ಬಾಗಿಲು ತಟ್ಟದೆ ವಾಪಸ್ ಬಂದರು. ಆಮೇಲೆ ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಬೆಳೆಸಿದರು. ಆ ಮನುಷ್ಯ ತೀರಿಕೊಂಡಾಗ ಮುಖ ನೋಡಲು ಹೋಗಲಿಲ್ಲ.

ಹೋಗಲಿಲ್ಲವೆಂದು ಅವರು ಮುಂದೆ ಎಷ್ಟು ವರ್ಷ ನಿದ್ದೆಗೆಟ್ಟರು ಎಂಬುದು ಅವರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಮಗಳಿಗೆ ಮಾತ್ರ ಗೊತ್ತಿತ್ತು. ಅಕ್ಕ ಕುರ್ಚಿಯಿಂದ ಇಳಿದು ಗಡಿಯಾರ ನೋಡಿದಳು. ಅಮ್ಮ ಇನ್ನೊಂದು ಸಲ ಹಾಗೆ ಮಾಡಿಕೊಳ್ಳಬಾರದು ಎಂದಳು. ಗುರುತಿನ ಚೀಟಿ ಆಮೇಲೆ ಅವನ ಅಂಗಿಯ ಜೇಬಿನಲ್ಲೇ ಸಿಕ್ಕಿತು.

*

ಹೆಂಡತಿ ಅವನನ್ನು ಮೊದಲು ಕಂಡದ್ದಲ್ಲ, ಕೇಳಿದ್ದು. ಎಂ.ಎ. ಎರಡನೇ ವರ್ಷದಲ್ಲಿ ಪ್ರಬಂಧಕ್ಕೆಂದು ಒಂದು ನಾಟಕ ನೋಡಲು ಹೋಗಿದ್ದಳು. ನೂರು ಕುರ್ಚಿಯ ಸಣ್ಣ ರಂಗಮಂದಿರ. ಕೊನೆಯ ದೃಶ್ಯದಲ್ಲಿ ರಂಗದ ಮೇಲೆ ಯಾರೂ ಇಲ್ಲ. ಮುದುಕನೊಬ್ಬ ಒಳಗೆಲ್ಲೋ ಮಹಡಿ ಹತ್ತುವ ಸಪ್ಪಳ ಮಾತ್ರ. ಅವಳು ಎಣಿಸಿದಳು, ಹದಿನಾಲ್ಕು ಮೆಟ್ಟಿಲು. ಹನ್ನೊಂದರಲ್ಲಿ ಸಪ್ಪಳ ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ ಬಾಯಿಗೆ ಕೈ ಒತ್ತಿಕೊಂಡರು. ಮತ್ತೆ ಹನ್ನೆರಡು.

ನಾಟಕ ಮುಗಿದ ಮೇಲೆ ಆ ಮೆಟ್ಟಿಲುಗಳನ್ನು ನೋಡಬೇಕೆಂದು ಹಿಂದಕ್ಕೆ ಹೋದಳು. ಅಲ್ಲಿ ಮಹಡಿ ಇರಲಿಲ್ಲ. ಎರಡು ಮೆಟ್ಟಿಲಿನ ಒಂದು ಮರದ ಪೆಟ್ಟಿಗೆ ಇತ್ತು. ಪಕ್ಕದಲ್ಲಿ ಎತ್ತರದ ಹುಡುಗನೊಬ್ಬ ಬರಿಗಾಲಲ್ಲಿ ಕೂತು ಹಳೆಯ ಶೂಗಳ ಲೇಸು ಸುತ್ತಿಡುತ್ತಿದ್ದ. ಎರಡು ಮೆಟ್ಟಿಲು ಸದ್ದು ಮಾಡುತ್ತ ಹತ್ತುವುದು, ಸದ್ದಿಲ್ಲದೆ ಇಳಿಯುವುದು. ಏಳು ಸಲ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಹನ್ನೊಂದರಲ್ಲಿ ಯಾಕೆ ನಿಂತಿರಿ, ನಾಟಕದಲ್ಲಿ ಹಾಗೆ ಬರೆದಿದೆಯೇ ಎಂದು ಕೇಳಿದಳು.

"ಬರೆದಿಲ್ಲ" ಎಂದ. "ಆದ್ರೆ ಆ ಯಜಮಾನರಿಗೆ ಎದೆನೋವಲ್ವಾ? ಎರಡನೇ ದೃಶ್ಯದಲ್ಲಿ ಹೇಳ್ತಾರೆ. ಒಂದೇ ಉಸಿರಿಗೆ ಹೇಗೆ ಹತ್ತಿಸ್ಲಿ?"

ತಂಡದಲ್ಲಿ ಅವನನ್ನು ಸಪ್ಪಳ ಎಂದೇ ಕರೆಯುತ್ತಿದ್ದರು. ಆಮೇಲೆ ಸಣ್ಣ ಬಜೆಟ್ಟಿನ ಸಿನಿಮಾಗಳಿಗೂ ಕರೆ ಬಂತು. ಚಿತ್ರೀಕರಣದ ಹೊತ್ತಿಗೆ ಸರಿಯಾಗಿ ದಾಖಲಾಗದ ಹೆಜ್ಜೆ, ಬಳೆ, ಬಾಗಿಲು, ಬಟ್ಟೆಯ ಸರಸರ, ಎಲ್ಲವನ್ನೂ ಪರದೆ ನೋಡುತ್ತ ಮತ್ತೆ ಮಾಡುವ ಕೆಲಸ. ಕೆಲವರು ಶೂಗಳನ್ನು ಕೈಗೆ ಹಾಕಿಕೊಂಡು ಮೇಜಿನ ಮೇಲೆ ಬಡಿಯುತ್ತಾರೆ. ಅವನು ಒಪ್ಪುತ್ತಿರಲಿಲ್ಲ. ಕೈಯಲ್ಲಿ ಮನುಷ್ಯನ ಭಾರ ಇರುವುದಿಲ್ಲ ಎನ್ನುತ್ತಿದ್ದ.

*

ಹನ್ನೆರಡೂಕಾಲಿಗೆ ತಂಡದವರು ಬಂದರು. ಏಳೆಂಟು ಜನ. ತೆರೆಯ ಹಿಂದೆ ಓಡಾಡುವವರು ಕಾಣಬಾರದೆಂದು ಹಾಕುವ ಕಪ್ಪು ಬಟ್ಟೆಯಲ್ಲೇ, ತಾಲೀಮಿನ ಜಾಗದಿಂದ ನೇರ ಬಂದಿದ್ದರು. ಅಕ್ಕನ ಗಂಡ ಅವರನ್ನು ವ್ಯಾನಿನವರೆಂದು ತಿಳಿದು, ಎರಡು ಗಂಟೆಗೆ ಬನ್ನಿ ಅಂದಿದ್ದೆವಲ್ಲಪ್ಪಾ, ಸರಿ, ಬಂದದ್ದಾಯಿತು, ಆ ಬೆಂಚನ್ನು ಗೋಡೆಗೆ ಸರಿಸಿ ಎಂದರು. ಅವರು ಸರಿಸಿದರು. ಬೆಂಚು ನೆಲಕ್ಕೆ ತಾಗಿದ ಸದ್ದು ಕೂಡ ಬರಲಿಲ್ಲ. ಒಬ್ಬ ಕಿರುಗುಟ್ಟುತ್ತಿದ್ದ ಬಾಗಿಲಿಗೆ ಕಾಗದ ಮಡಚಿ ಇಟ್ಟ. ಸ್ಟುಡಿಯೋದಲ್ಲಿ ಸದ್ದು ದಾಖಲಿಸುವ ರೆಕಾರ್ಡಿಸ್ಟ್, ಅವನ ಹತ್ತು ವರ್ಷದ ಜೊತೆಗಾರ, ಒಳಗೆ ಬಂದವನೇ ಅಭ್ಯಾಸಬಲದಿಂದ ಗುಂಯ್‌ಗುಡುತ್ತಿದ್ದ ಫ್ರಿಜ್ ಆಫ್ ಮಾಡಿದ. ಅಕ್ಕನ ಗಂಡ ಆನ್ ಮಾಡಿದರು. ಅವನು ಮತ್ತೆ ಆಫ್ ಮಾಡಿದ.

ಅವರ ಜೊತೆ ಹಿರಿಯ ನಟಿಯೊಬ್ಬರಿದ್ದರು. ತಂಡದವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಾರೆ. ಅರುವತ್ತು ದಾಟಿದೆ, ಬಿಳಿ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ್ದಾರೆ. ಮಂಚದ ಹತ್ತಿರ ಸ್ವಲ್ಪ ಹೊತ್ತು ಕೂತು ಎದ್ದವರು, ತೆರೆದ ಕೋಣೆಯ ನೆಲದ ಮೇಲಿದ್ದ ಕೆಂಪು ಹೈಹೀಲ್ಸ್ ಕಂಡು ಅಲ್ಲೇ ನಿಂತುಬಿಟ್ಟರು.

"ಇದು ನನ್ನದು" ಎಂದರು. "ನನ್ನದೇ. ಇನ್ನೂ ಇಟ್ಕೊಂಡಿದಾನೆ ನೋಡು."

ಅಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮದಾ?"

"ನನ್ನದೇ ಅಮ್ಮ. ಅಂದ್ರೆ, ಹಾಕ್ಕೊಳ್ತಿದ್ದಿದ್ದು ಅವನು."

ಇದರಿಂದ ಏನೂ ಸುಧಾರಿಸಲಿಲ್ಲ. ಮೂಲೆಯಿಂದ ರೆಕಾರ್ಡಿಸ್ಟ್, "ದೊಡ್ಡಮ್ಮ, ಮೊದಲಿಂದ ಹೇಳಿ" ಎಂದ.

ಅವರು ಮೊದಲಿನಿಂದ ಹೇಳಿದರು. ಎಂಟು ವರ್ಷದ ಹಿಂದೆ ಒಂದು ಸಿನಿಮಾದಲ್ಲಿ ಅವರು ನಿವೃತ್ತ ನರ್ತಕಿಯ ಪಾತ್ರ ಮಾಡಿದ್ದರು. ಮಂಡಿನೋವು, ಚಿತ್ರೀಕರಣದಲ್ಲಿ ಹೆಜ್ಜೆಯೇ ಸರಿಬರಲಿಲ್ಲ. ಅವರ ಶೂಗಳನ್ನೇ ತೆಗೆದುಕೊಂಡು ಹೋಗಿ ಅವನು ಇಡೀ ನೃತ್ಯದ ಸದ್ದು ಮಾಡಿದ. ಸಿನಿಮಾ ನೋಡಿದವರು ಈ ವಯಸ್ಸಿನಲ್ಲೂ ಎಂಥ ಕಾಲು ಎಂದು ಹೊಗಳಿದ್ದರಂತೆ. "ನಾನು ಕುಣಿದಿದ್ದು ಸೊಂಟದವರೆಗೆ. ಕೆಳಗಿನದೆಲ್ಲ ಇವನೇ."

ಹೆಂಡತಿ ಒಂದು ಶೂ ಎತ್ತಿ ಅಕ್ಕನಿಗೆ ತೋರಿಸಿದಳು. ಹಿಂಭಾಗವನ್ನು ಸೀಳಿ ಎಲಾಸ್ಟಿಕ್ ಪಟ್ಟಿ ಹೊಲಿದಿತ್ತು. ಎಲ್ಲ ಜೊತೆಗಳೂ ಹಾಗೇ ಇದ್ದವು. ಗಂಡಸರ ಶೂಗಳು ಸ್ಟುಡಿಯೋದಲ್ಲಿವೆ, ತಮ್ಮ ಕಾಲಿಗೆ ಹೊಂದಿಸಿಕೊಂಡ ಇವು ಕಳೆದರೆ ಮತ್ತೆ ಸಿಗುವುದಿಲ್ಲವೆಂದು ಮನೆಯಲ್ಲಿಡುತ್ತಿದ್ದರು ಎಂದಳು. ಅಕ್ಕ ಒಳಗೆ ಕೈ ಹಾಕಿ ನೋಡಿದಳು. ಹೊಲಿಗೆ ಅಮ್ಮನದೇ ರೀತಿ, ಒತ್ತೊತ್ತಾಗಿತ್ತು. ಚಿಕ್ಕಂದಿನಲ್ಲಿ ಅವನು ಅಮ್ಮನ ಪಕ್ಕ ಕೂತು ಕಲಿತದ್ದು. ಅಕ್ಕ ಶೂವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. ಒಮ್ಮೆ ನಕ್ಕಳು, ಆಮೇಲೆ ಬಹಳ ಹೊತ್ತು ಅತ್ತಳು.

ಅತ್ತೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಅಕ್ಕ ಹೊರಗಿನಿಂದ ಎಲ್ಲವನ್ನೂ ಕೂಗಿ ಹೇಳಿದಳು. ಹೌದು ಹೌದು ಎಂದು ಒಳಗಿನಿಂದ ಉತ್ತರ ಬಂತು, ಮಕ್ಕಳಿಗೆ ಹೇಳುವ ಹಾಗೆ.

ಒಂದು ಗಂಟೆಗೆ ಹೆಂಡತಿ ಆ ಬಾಗಿಲಿಗೆ ಒರಗಿ ಕೂತಳು.

"ಅತ್ತೆ, ವ್ಯಾನ್ ಬರೋ ಹೊತ್ತಾಯ್ತು."

"ಬರ್ಲಿ."

"ಅಕ್ಕ ಹೇಳಿದ್ದು ನಿಜ."

"ನೀನು ಹಾಗೆ ಹೇಳಲೇಬೇಕು. ನಾನೂ ಹೇಳ್ತಿದ್ದೆ. ಅವರಿಗೆ ರಾತ್ರಿ ಪಾಳಿ ಅಂತ ಮೂರು ವರ್ಷ ಓಣಿಗೆಲ್ಲ ಹೇಳ್ಕೊಂಡು ಬಂದೆ." ಒಳಗಿನಿಂದ ಮತ್ತೆ ದನಿ ಬಂತು. "ಹೋದ ವರ್ಷ ನನ್ನ ಮನೆಗೆ ಬಂದಿದ್ದ. ಎರಡು ದಿನ ಸುಮ್ಮನೆ ಕೂತಿದ್ದ. ಕಣ್ಣು ಮುಚ್ಕೊಂಡು. ಮಾತಾಡ್ಸಿದ್ರೆ ಹೂಂ, ಊಟ ಅಂದ್ರೆ ಹೂಂ. ಏನೋ ಬಚ್ಚಿಡ್ತಿದಾನೆ ಅಂತ ಅವತ್ತೇ ಅನ್ನಿಸ್ತು. ಅವರಪ್ಪನೂ ಹೀಗೇ ಕೂರ್ತಿದ್ರು."

ಆ ಎರಡು ದಿನ ಏನೆಂದು ಹೆಂಡತಿಗೆ ಗೊತ್ತಿತ್ತು.

*

ಹೋದ ವರ್ಷದ ಒಂದು ಸಿನಿಮಾದಲ್ಲಿ ಒಬ್ಬ ಮುದುಕಿ ಆಸ್ಪತ್ರೆಯ ಉದ್ದದ ಕಾರಿಡಾರಿನಲ್ಲಿ ಮಗನ ಕೋಣೆ ಹುಡುಕಿಕೊಂಡು ನಡೆಯುತ್ತಾಳೆ. ಎರಡೂವರೆ ನಿಮಿಷ, ಮಾತಿಲ್ಲ, ಸಂಗೀತವಿಲ್ಲ. ಸ್ಟುಡಿಯೋದ ನೆಲದಲ್ಲಿ ಕಲ್ಲು, ಹಲಗೆ, ಮರಳು, ಸಿಮೆಂಟು ಎಂದು ಬಾಗಿಲಗಲದ ತುಂಡುಗಳಿವೆ. ಕಲ್ಲಿನ ತುಂಡಿನ ಮೇಲೆ ನಿಂತಲ್ಲೇ ಅವನು ಆರು ದಿನ ನಡೆದ. ಹೆಂಡತಿ ನೋಡಲು ಹೋಗಿದ್ದಳು. ಪರದೆಯ ಕಾಲಿಗೂ ಅವನ ಕಾಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನಿರ್ದೇಶಕರು ಸಾಕು ಎಂದರು. ರೆಕಾರ್ಡಿಸ್ಟ್ ಕೂಡ ಸಾಕು ಮಾರಾಯ ಎಂದ.

ಅವನು ಚಪ್ಪಲಿ ಕಳಚಿ, "ಇವಳಿಗೆ ಮಕ್ಕಳಿಲ್ಲ" ಎಂದ. "ಸದ್ದು ಸರಿಯಾಗಿದೆ. ಆದ್ರೆ ಮಕ್ಕಳನ್ನ ಎತ್ತಿ ಓಡಾಡಿದ ಕಾಲಲ್ಲ ಇದು."

ಮರುದಿನ ಅಮ್ಮನ ಮನೆಗೆ ಹೊರಟ. ಅತ್ತೆಗೆ ಏನು ಹೇಳುತ್ತೀರಿ ಎಂದು ಅವಳು ಕೇಳಿದಳು.

"ಏನೂ ಹೇಳಲ್ಲ. ನೀನೂ ಹೇಳ್ಬೇಡ. ಕೇಳಿಸ್ಕೊಳ್ತಿದೀನಿ ಅಂತ ಗೊತ್ತಾದ್ರೆ ನಡಿಗೆ ಕೆಟ್ಟುಹೋಗುತ್ತೆ."

ವಾಪಸ್ ಬಂದವನು ಒಂದೇ ಸಲಕ್ಕೆ ನಡೆದು ಮುಗಿಸಿದ. ಸಿನಿಮಾ ಒಂದು ಸಣ್ಣ ಹಾಲಿನಲ್ಲಿ ನಾಲ್ಕು ದಿನ ಓಡಿತು. ಬಾ ಎಂದು ಅಮ್ಮನನ್ನು ಕರೆದ. ತೆರೆಯ ಮೇಲೆ ನೀನು ಕಾಣಿಸುವುದಿಲ್ಲವಲ್ಲ, ಬಂದು ಏನು ನೋಡಲಿ ಎಂದರಂತೆ. ಅವನು ನಗುತ್ತ ಬಂದು ಅದನ್ನೇ ಹೇಳಿದ್ದ.

*

ಹೆಂಡತಿ ಎದ್ದು ರೆಕಾರ್ಡಿಸ್ಟನ ಹತ್ತಿರ ಹೋದಳು. ಆಸ್ಪತ್ರೆ ಕಾರಿಡಾರಿನದು ಇದೆಯೇ ಎಂದು ಕೇಳಿದಳು. ಅವನ ಫೋನಿನಲ್ಲಿ ಇತ್ತು. ಚಿತ್ರವಿಲ್ಲದ, ಬರೀ ಹೆಜ್ಜೆಯದು. ಆಸ್ಪತ್ರೆಯಿಂದ ಸುದ್ದಿ ಬಂದಾಗಿನಿಂದ ಕಿವಿಗೆ ಹಾಕಿಕೊಂಡು ಅದನ್ನೇ ಕೇಳುತ್ತಿದ್ದನಂತೆ. ಚೀಲದಿಂದ ಅಂಗೈಯಗಲದ ಒಂದು ಸ್ಪೀಕರ್ ತೆಗೆದು ಅತ್ತೆಯ ಬಾಗಿಲ ಸಂದಿಗೆ ನೆಲದ ಮೇಲಿಟ್ಟ.

"ಎಷ್ಟು ಜೋರಾಗಿಡ್ಲಿ ಅತ್ತಿಗೆ?"

"ಮನೆಯಲ್ಲಿ ನಡೆದ ಹಾಗೆ."

ರಬ್ಬರ್ ಚಪ್ಪಲಿಯ ಹೆಜ್ಜೆ ದೂರದಿಂದ ಬಂತು. ಎಡಗಾಲು ಗಟ್ಟಿಯಾಗಿ ಊರಿತು. ಬಲಗಾಲು ಬರುವ ಮೊದಲು ಒಂದು ಸಣ್ಣ ತಡೆ, ಆಮೇಲೆ ಎಳೆತ. ಊರು, ತಡೆ, ಎಳೆತ. ಕೋಣೆಯ ನಂಬರ್ ಓದಲು ನಿಂತಲ್ಲಿ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಜಾರಿದ್ದೂ ಕೇಳಿಸಿತು. ನಡುಮನೆಯಲ್ಲಿ ಕಪ್ಪು ಬಟ್ಟೆಯವರು ಯಾರೂ ಅಲುಗಾಡಲಿಲ್ಲ.

ಒಳಗೆ ಮಂಚ ಕಿರುಗುಟ್ಟಿತು.

"ಯಾರದು ನಡೀತಿರೋದು?"

"ಅವರು, ಅತ್ತೆ."

"ಅವನು ಹೀಗೆ ನಡೆಯಲ್ಲ." ಹೆಜ್ಜೆಗಳು ಬಾಗಿಲ ಹತ್ತಿರ ಬಂದು ಮತ್ತೆ ದೂರವಾದವು. "ಇದು ನಾನು. ನನ್ನ ಮೊಣಕಾಲು ಇದು."

"ಹೂಂ. ಆ ಎರಡು ದಿನ ಅದನ್ನೇ ಕೇಳಿಸ್ಕೊಳ್ತಾ ಕೂತಿದ್ರು. ನಿಮಗೆ ಹೇಳ್ಬೇಡ ಅಂದಿದ್ರು."

ಆಮೇಲೆ ಚಿಲಕ ತೆಗೆದ ಸದ್ದಾಯಿತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತು ನೆಲದ ಮೇಲಿನ ಸ್ಪೀಕರನ್ನು ನೋಡಿದರು.

"ಇನ್ನೊಂದ್ಸಲ ಹಾಕಪ್ಪ."

ರೆಕಾರ್ಡಿಸ್ಟ್ ಹಾಕಿದ. ಅವರು ತಲೆ ಒಂದು ಕಡೆ ವಾಲಿಸಿ ಕೊನೆಯವರೆಗೆ ಕೇಳಿದರು.

"ಅಲ್ಲಿ ಜಾಸ್ತಿ ಎಳೆದಿದಾನೆ. ನಾನು ಅಷ್ಟು ಎಳೆಯಲ್ಲ."

"ಎಳೀತೀರ ಅಮ್ಮ" ಎಂದ ರೆಕಾರ್ಡಿಸ್ಟ್.

ಅತ್ತೆ ನಡುಮನೆಗೆ ನಡೆದರು. ಹೊರಗೆ ವ್ಯಾನ್ ಬಂದು ನಿಂತಿತ್ತು. ಬಾಗಿಲವರೆಗೆ ಬಂದ ಡ್ರೈವರ್, ಒಳಗಿನವರನ್ನು ನೋಡಿ ಅಲ್ಲೇ ನಿಂತ. ದೊಡ್ಡಮ್ಮ ಎದ್ದು ಅವನ ತಲೆಯ ಹತ್ತಿರದ ಕುರ್ಚಿ ಬಿಟ್ಟುಕೊಟ್ಟರು. ಅತ್ತೆ ಮಗನ ಮುಖವನ್ನು ನೋಡಿದರು, ಹಣೆಯ ಮೇಲೆ ಕೈಯಿಟ್ಟರು. ಕುರ್ಚಿಯಲ್ಲಿ ಕೂರಲಿಲ್ಲ. ಮಂಚದ ಇನ್ನೊಂದು ತುದಿಗೆ ಹೋಗಿ, ಬಗ್ಗದ ಕಾಲನ್ನು ಪಕ್ಕಕ್ಕೆ ಚಾಚಿ ನೆಲದ ಮೇಲೆ ಕೂತರು. ಕಾಲ ಮೇಲಿನ ಬಟ್ಟೆಯನ್ನು ಸರಿಸಿದರು.

ಆರಡಿ ಗಂಡಸಿನ ದೊಡ್ಡ ಪಾದಗಳು. ಆದರೆ ಎರಡೂ ಕಿರುಬೆರಳುಗಳು ಒಳಕ್ಕೆ ಬಾಗಿ ಪಕ್ಕದ ಬೆರಳಿನ ಮೇಲೆ ಏರಿ ಕೂತಿದ್ದವು, ವರ್ಷಗಟ್ಟಲೆ ಮೊನಚು ಶೂ ಹಾಕಿದ ಹೆಂಗಸಿನ ಕಾಲಿನ ಹಾಗೆ. ಹಿಮ್ಮಡಿಯ ಮೇಲೆ ಎಲಾಸ್ಟಿಕ್ ಉಜ್ಜಿದಲ್ಲಿ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು.

ಅತ್ತೆ ಒಂದು ಕಿರುಬೆರಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ನೇರ ಮಾಡಿದರು. ಬಿಟ್ಟರು. ಅದು ಮತ್ತೆ ಬಾಗಿ ತನ್ನ ಜಾಗಕ್ಕೆ ಹೋಯಿತು.