ನೈರೋಬಿ ಎಷ್ಟು ಮೊಳ

"ಅಕ್ಕೋರ, ನೈರೋಬಿ ಎಷ್ಟು ಮೊಳ ಐತಿ?"

ಕುಬ್ರಾಬಿ ಹಾಸಿಗೆಯಿಂದಲೇ ಕೇಳಿದಳು. ಸಿರುಗುಪ್ಪದಲ್ಲಿ ಜೀವಮಾನವಿಡೀ ಹೂ ಕಟ್ಟಿ ಮಾರಿದವಳು. ದೂರವೆಂದರೆ ಅವಳಿಗೆ ಮೊಳವೇ. ಡಾಕ್ಟರು ಕೈಚೆಲ್ಲಿದ್ದರು. ನೈರೋಬಿಯಲ್ಲಿ ಬಡಗಿಯಾಗಿದ್ದ ಮಗ ಸೈಫುದ್ದೀನ್, ಗುರುವಾರ ವಿಮಾನ ಹತ್ತುತ್ತೇನೆಂದು ತಂತಿ ಕೊಟ್ಟಿದ್ದ. ಅವನ ಕೈಯಿಂದ ಒಂದು ಗುಟುಕು ನೀರು ಕುಡಿದು ಕಣ್ಣು ಮುಚ್ಚಬೇಕು, ಮುದುಕಿಗೆ ಇದ್ದದ್ದು ಅದೊಂದೇ ಆಸೆ.

ಪಕ್ಕದ ಮನೆಯ ಜಂಬಮ್ಮ ಬಳ್ಳಾರಿಯಲ್ಲಿ ಕಾಲೇಜು ಓದಿ ಇಲ್ಲಿಯ ಶಾಲೆಗೆ ಶಿಕ್ಷಕಿಯಾಗಿ ಬಂದವಳು. ಓಣಿಗೆಲ್ಲ ಅವಳ ಮಾತೇ ಪ್ರಮಾಣ. ಅವಳು ಅಟ್ಲಾಸು ತಂದು, ಕುಬ್ರಾಬಿಯ ಹೂವಿನ ದಾರವನ್ನೇ ನೈರೋಬಿಯಿಂದ ಮುಂಬಯಿಗೆ ಸಮುದ್ರದ ಮೇಲೆ ಬಿಗಿಯಾಗಿ ಎಳೆದಳು.

"ಗೇಣೂ ಇಲ್ಲಲ್ಲ," ಮುದುಕಿ ನಕ್ಕಳು. "ಇಷ್ಟಕ್ಕ ನಾಕು ವರ್ಷ ಬರಲಿಲ್ಲ ನೋಡು, ಮೈಗಳ್ಳ."

"ಅದು ನಕಾಶಿ, ಸುಮ್ಕಿರವ್ವ," ಎಂದಳು ಮಗಳು ರೋಷನಬಿ. "ಯಾವಾಗ ಬರ್ತಾನ ಹೇಳ್ರಿ ಅಕ್ಕೋರ."

ಜಂಬಮ್ಮ ದಾರದ ಅಳತೆಯನ್ನು ಮೈಲಿಗೆ ತಂದು, ವಿಮಾನದ ವೇಗದಿಂದ ಭಾಗಿಸಿ, ಗುಂತಕಲ್ಲಿನ ರೈಲು, ಬಳ್ಳಾರಿಯ ಬಸ್ಸು ಕೂಡಿಸಿದಳು. ಆ ವಿಮಾನ ದಾರಿಯ ನಡುವೆ ಏಡನ್ನಿನಲ್ಲಿ ಇಳಿದು ಬರುತ್ತದೆಂದು ಪತ್ರಿಕೆಯಲ್ಲಿ ಓದಿದ ನೆನಪಿತ್ತು. ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೋ ತಿಳಿಯದು. ಹೇಳಬೇಕೆಂದು ಬಾಯಿ ತೆರೆದಳು. ಬಾಗಿಲ ತುಂಬ ಜನ, ಎಲ್ಲರ ಕಣ್ಣೂ ಅವಳ ಮೇಲೆ. ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ.

"ಶನಿವಾರ ಸಂಜಿ ಬಸ್ಸಿಗೆ ಬರ್ತಾನ."

ಆ ಮಾತಿನ ಮೇಲೆಯೇ ಕುಬ್ರಾಬಿ ಜೀವ ಹಿಡಿದಳು. ಶನಿವಾರ ತಲೆ ಬಾಚಿಸಿಕೊಂಡಳು, ತಲೆದೆಸೆಯಲ್ಲಿ ನೀರಿನ ಲೋಟ ಇಡಿಸಿದಳು. ಬಳ್ಳಾರಿಯಿಂದ ಬರುವ ಸಂಜೆಯ ಬಸ್ಸು ಧೂಳೆಬ್ಬಿಸಿ ಬಂದು ನಿಂತಿತು. ಸೈಫುದ್ದೀನ್ ಇಳಿಯಲಿಲ್ಲ.

ಮುದುಕಿ ಎಲ್ಲರ ಮುಖ ನೋಡಿದಳು. "ಅಕ್ಕೋರ ಲೆಕ್ಕ ತಪ್ಪಂಗಿಲ್ಲ. ಅವನೇ ಹೊಂಟಿಲ್ಲ."

"ಹಂಗಲ್ಲಮ್ಮ, ವಿಮಾನ ನಡುವ ಎಲ್ಯಾರ ನಿಂತಿರಬೇಕು. ನಾಳಿ ಬರ್ತಾನ," ಎಂದು ಜಂಬಮ್ಮ ಅವಳ ಕೈ ಹಿಡಿದಳು.

"ಸಮಾಧಾನ ಹೇಳಬ್ಯಾಡ್ರಿ," ಎಂದು ಕುಬ್ರಾಬಿ ಗೋಡೆಯ ಕಡೆಗೆ ಹೊರಳಿದಳು. ಲೋಟವನ್ನು ತೆಗೆಯಲು ಹೇಳಿದಳು. ಬೆಳಗಾಗುವುದರೊಳಗೆ ಹೋಗಿಬಿಟ್ಟಳು.

ಭಾನುವಾರ ಮಣ್ಣು ಮಾಡಿ ಬಂದವರು ಇನ್ನೂ ಕಟ್ಟೆಯ ಮೇಲೆ ಕೂತಿದ್ದಾಗಲೇ ಮಧ್ಯಾಹ್ನದ ಬಸ್ಸಿನಿಂದ ಸೈಫುದ್ದೀನ್ ಇಳಿದ. ಏಡನ್ನಿನಲ್ಲಿ ವಿಮಾನ ಒಂದು ರಾತ್ರಿ ನಿಂತಿತ್ತಂತೆ. 'ಅವನೇ ಹೊಂಟಿಲ್ಲ' ಎಂದ ತಾಯಿಯ ಮಾತನ್ನು ಯಾರೂ ಅವನಿಗೆ ಹೇಳಲಿಲ್ಲ. ಜಂಬಮ್ಮನೂ ಹೇಳಲಿಲ್ಲ.

ಕೆಲವು ದಿನ ಕಳೆದು, ಹೊರಡುವ ಮುಂಚೆ ಅವನು ಅವಳ ಬಾಗಿಲಿಗೆ ಬಂದ. "ಬುಧವಾರ ಮುಂಬೈಯಾಗ ವಿಮಾನ ಹತ್ತತೀನ್ರಿ. ನೈರೋಬಿ ಯಾವಾಗ ಮುಟ್ತೀನಿ ಲೆಕ್ಕ ಹಾಕಿ ಹೇಳ್ರಿ ಅಕ್ಕೋರ, ಅಲ್ಲಿ ಹೆಂಡ್ತಿಗೆ ತಂತಿ ಕೊಡ್ತೀನಿ. ಪಾಪ, ದಾರಿ ಕಾಯ್ತಿರ್ತಾಳ."

ಜಂಬಮ್ಮ ಅಟ್ಲಾಸು ತೆರೆದಳು. ಹಾಳೆಯ ನಡುವೆ ದಾರ ಹಾಗೇ ಇತ್ತು, ಒಣಗಿದ ಒಂದು ಮಲ್ಲಿಗೆ ಎಸಳು ಅಂಟಿಕೊಂಡು. ಮುಚ್ಚಿದಳು.

"ನನಗ ಗೊತ್ತಿಲ್ಲಪ್ಪ."

ಸೈಫುದ್ದೀನ್ ನಕ್ಕ. "ನಿಮಗ ಗೊತ್ತಿಲ್ಲಂದ್ರ ಈ ಓಣ್ಯಾಗ ಮತ್ಯಾರಿಗೆ ಗೊತ್ತಿರ್ತೈತ್ರಿ?"